ತಪಾಸಣಿ ದಿನ ಮನೆಯಲ್ಲಿ ಕೂತವರು

ಆ ಹುಡುಗಿ ಪುಸ್ತಕವನ್ನು ತಲೆಕೆಳಗೆ ಹಿಡಿದಿರಲಿಲ್ಲ. ಹಾಗೆ ಹಿಡಿದಿದ್ದರೆ ನನಗೆ ಮೊದಲೇ ತಿಳಿಯುತ್ತಿತ್ತು. ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ಆರನೆಯ ಪಾಠವನ್ನು ಒಂದು ಮಾತು ತಪ್ಪದೆ ಓದುತ್ತಿದ್ದಳು. ನಾನು ಸಾಲುಗಳ ನಡುವೆ ಅಡ್ಡಾಡುತ್ತ ಅವಳ ಹಿಂದೆ ಬಂದೆ. ಪುಸ್ತಕದಲ್ಲಿ ತೆರೆದಿದ್ದದ್ದು ಒಂಬತ್ತನೆಯ ಪಾಠ.

"ಯಾವ ಪಾಠ ಓದಾಕತ್ತಿ ತಂಗಿ?"

"ಆರನೇದ್ರಿ ಅಕ್ಕೋರ."

"ಪುಸ್ತಕದಾಗ ಯಾವುದೈತಿ?"

ಹುಡುಗಿ ಪುಟದ ಕಡೆ ನೋಡಿದಳು. ಪಕ್ಕದವಳು ಕಿಸಕ್ಕನೆ ನಕ್ಕಳು. "ಅಕಿಗೆ ಓದಾಕ ಬರಂಗಿಲ್ರಿ ಅಕ್ಕೋರ. ನಾವು ಓದೂದು ಕೇಳಿ ಬಾಯಿಪಾಠ ಮಾಡ್ತಾಳ್ರಿ. ಎಲ್ಲಾರಿಗೂ ಗೊತ್ತೈತ್ರಿ!"

ಎಲ್ಲರಿಗೂ ಗೊತ್ತಿತ್ತು, ಪಾಠ ಹೇಳುವ ನನಗೊಬ್ಬಳಿಗೆ ಬಿಟ್ಟು. ಆ ಸಿಟ್ಟಿಗೆ ಅವಳ ಅಂಗೈ ಮೇಲೆ ರೂಲುಕಟ್ಟಿಗೆಯಿಂದ ಎರಡು ಕೊಟ್ಟೆ. ಅವಳು ಅಳಲಿಲ್ಲ. ಇನ್ನೊಂದು ಕೈ ತಾನಾಗಿಯೇ ಮುಂದೆ ಚಾಚಿದಳು. ಎಷ್ಟು ಮಂದಿಯ ಕೈಯಲ್ಲಿ ತಿಂದು ರೂಢಿಯಾಗಿತ್ತೋ.

ನನಗೊಂದು ಚಟವಿದೆ. ಮದುವೆಯಾದಾಗಿನಿಂದ ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಒಂದು ನೋಟುಬುಕ್ಕಿನಲ್ಲಿ ಅಂದಿನದನ್ನು ಅಂದೇ ಬರೆದಿಡುತ್ತೇನೆ. ಏನು ಪಲ್ಯ ಮಾಡಿದೆ, ನಳದ ನೀರು ಎಷ್ಟು ಹೊತ್ತಿಗೆ ಬಂತು, ಯಾವ ಹುಡುಗಿ ಶಾಲೆಗೆ ಬರಲಿಲ್ಲ, ಯಾಕೆ ಬರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅಂದಿನ ಪುಟದಲ್ಲಿ ಹೀಗಿದೆ: "ಹೆಸರುಕಾಳಿನ ಪಲ್ಯ. ನಳ ಬರಲಿಲ್ಲ. ನಾಲ್ಕನೆಯ ಇಯತ್ತೆಯ ಹುಡುಗಿ ಮೋಸ ಮಾಡಿದಳು, ಎರಡು ಏಟು ಕೊಟ್ಟೆ." ಮೋಸ ಎಂಬ ಮಾತಿನ ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಹುಡುಗಿಯ ಹೆಸರು ಬರೆಯುವುದಿಲ್ಲ. ನೇಕಾರರ ಓಣಿಯ ಮನೆತನ. ಆ ವರ್ಷ ಅವಳು ನಾಲ್ಕನೆಯ ಇಯತ್ತೆಯಲ್ಲಿ ಮೂರನೆಯ ಸಲ ಕೂತಿದ್ದಳು. ಎರಡು ವರ್ಷ ಚಿಕ್ಕವಳಾದ ತಂಗಿ ಬಂದು ಅದೇ ವರ್ಗದಲ್ಲಿ, ಅವಳಿಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬಾದಾಮಿಯಿಂದ ವರ್ಗವಾಗಿ ಇಳಕಲ್ಲಿನ ಈ ಹೆಣ್ಣುಮಕ್ಕಳ ಶಾಲೆಗೆ ಬಂದದ್ದು ಅದೇ ಜೂನ್ ತಿಂಗಳಲ್ಲಿ. ಬಂದೆ ಅನ್ನುವುದಕ್ಕಿಂತ ಮರಳಿ ಬಂದೆ ಅನ್ನಬೇಕು. ನನ್ನ ನೌಕರಿ ಸುರುವಾದದ್ದೇ ಇಲ್ಲಿ.

ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಅವಳ ಹಿಂದಿನ ದಾಖಲೆ ಕೇಳಿದೆ. ಅವರು ರಜಿಸ್ಟರು ತೆಗೆದು ತೋರಿಸಿದರು. ಶೇರಾ ಅಂದರೆ ಟಿಪ್ಪಣಿ ಬರೆಯುವ ಕಡೆ ಕೆಂಪು ಶಾಯಿಯಲ್ಲಿ "ಮಂದಬುದ್ಧಿ" ಎಂದಿತ್ತು. ಎರಡು ವರ್ಷ, ಎರಡು ಸಲ, ಅದೇ ಮಾತು.

"ಯಾರು ಪರೀಕ್ಷಾ ಮಾಡಿ ಬರದ್ರಿ ಸರ್ ಇದನ್ನ?"

"ಪರೀಕ್ಷಾ ಏನ್ರಿ ಬಾಯೋರ? ಮೂರು ವರ್ಷ ಆತು ಓದಾಕ ಬರಂಗಿಲ್ಲ. ಇನ್ನೇನು ಬೇಕು? ಈ ವರ್ಷ ನಾಪಾಸಾದರ ಹೆಸರು ತಗದು ದಾಖಲೆ ಕೊಟ್ಟು ಕಳಿಸಿಬಿಡೂದು. ನಮ್ಮ ಸಾಲಿ ರಿಸಲ್ಟ್ ಹಾಳ ಮಾಡಾಕತ್ತಾಳ."

ಶಾಲೆ ಬಿಡುವ ದಾಖಲೆಯಲ್ಲೂ ಈ ಶೇರಾ ಬರೆಯುತ್ತೀರೇನು ಎಂದು ಕೇಳಿದೆ. "ಇದ್ದದ್ದು ಬರಿಯೂದು" ಅಂದರು. ಅಂಥ ದಾಖಲೆ ಹಿಡಿದುಕೊಂಡು ಹೋದ ಹುಡುಗಿಯನ್ನು ಊರಿನ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಹನ್ನೊಂದು ವರ್ಷದವಳ ಓದು ಅಲ್ಲಿಗೆ ಮುಗಿದಂತೆ. ಮಾರ್ಚ್‌ವರೆಗೆ ನಮಗಿದ್ದ ವೇಳೆ ಅಷ್ಟೇ.

ನಾನು ಆಗಲೂ ಅವಳ ಪರವಾಗಿರಲಿಲ್ಲ, ಖರೆ ಹೇಳುತ್ತೇನೆ. ನನ್ನನ್ನು ಕುಟುಕುತ್ತಿದ್ದದ್ದು ಬೇರೆ. ಮಂದಬುದ್ಧಿಯವಳು ಇಡೀ ಪುಸ್ತಕವನ್ನು ಬರೀ ಕಿವಿಯಿಂದ ಕೇಳಿ ಬಾಯಿಪಾಠ ಮಾಡುವುದು ಹೇಗೆ? ಇಪ್ಪತ್ತು ಪಾಠ, ಹದಿನೈದು ಪದ್ಯ. ನಾನು ಮಾಡುತ್ತಿದ್ದೆನೇ?

ಅಂದಿನಿಂದ ನೋಟುಬುಕ್ಕನ್ನು ತಿರುವಿ, ಹಿಂದಿನ ಪುಟದಿಂದ ಅವಳೊಬ್ಬಳದೇ ಬರೆಯತೊಡಗಿದೆ. ತೀರ್ಪು ಕೊಡಬಾರದು, ಕಂಡದ್ದನ್ನಷ್ಟೇ ಬರೆಯಬೇಕು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅದರಿಂದ ಕೆಲವನ್ನು ಇದ್ದಂತೆಯೇ ಇಳಿಸುತ್ತೇನೆ.

"ಬೋರ್ಡಿನ ಮೇಲಿನ ಐದು ಸಾಲು ಪಾಟಿಯಲ್ಲಿ ಬರೆಯಲು ಉಳಿದವರಿಗೆ ಹತ್ತು ನಿಮಿಷ. ಇವಳಿಗೆ ಒಂದು ತಾಸಿನಲ್ಲಿ ಎರಡು ಸಾಲು. ಪ್ರತಿ ಅಕ್ಷರಕ್ಕೂ ತಲೆ ಎತ್ತುತ್ತಾಳೆ. ಎತ್ತಿದಾಗ ಎಲ್ಲಿದ್ದೆ ಅನ್ನುವುದು ತಪ್ಪುತ್ತದೆ.

"ಒಂದೇ ಶಬ್ದ ಒಂದೇ ಪುಟದಲ್ಲಿ ಮೂರು ಸಲ, ಮೂರು ತರ. ಒತ್ತಕ್ಷರ ಬಿಟ್ಟುಹೋಗುತ್ತವೆ. ವ ಮತ್ತು ಮ, ಪ ಮತ್ತು ಷ ಒಂದರ ಜಾಗಕ್ಕೆ ಒಂದು. ಬಿಡಿಯಾಗಿ ಕೇಳಿದರೆ ಒಮ್ಮೊಮ್ಮೆ ಸರಿ ಹೇಳುತ್ತಾಳೆ.

"ಓದುವಾಗ ಒಂದು ಸಾಲು ಮುಗಿದ ಮೇಲೆ ಕೆಳಗಿನ ಸಾಲು ಸಿಗುವುದಿಲ್ಲ. ಅದೇ ಸಾಲಿಗೆ ಮತ್ತೆ ಬರುತ್ತಾಳೆ, ಇಲ್ಲವೆ ಎರಡು ಸಾಲು ಹಾರುತ್ತಾಳೆ.

"ಬಾಯಿಲೆಕ್ಕ ಎಲ್ಲರಿಗಿಂತ ಮೊದಲು. ಅದೇ ಲೆಕ್ಕ ಬೋರ್ಡಿನ ಮೇಲೆ ಮಾತಿನಲ್ಲಿ ಬರೆದರೆ ಸುಮ್ಮನೆ ಕೂಡುತ್ತಾಳೆ. ಓದಿ ಹೇಳಿದೆ, ತಕ್ಷಣ ಉತ್ತರ ಬಂತು.

"ಹೊಟ್ಟೆನೋವು ಅಂದಳು. ಈ ತಿಂಗಳು ಆರನೆಯ ಸಲ. ಆರೂ ಸಲ ಓದುವ ತಾಸಿನಲ್ಲೇ."

ಅವಳ ಜೊತೆಗೆ ಓದಿನಲ್ಲಿ ಹಿಂದುಳಿದ ಇನ್ನಿಬ್ಬರು ಹುಡುಗಿಯರಿದ್ದರು. ಮೂವರನ್ನೂ ಪ್ರಾರ್ಥನೆಗೆ ಅರ್ಧ ತಾಸು ಮೊದಲು ಕರೆಸಿ ಹದಿನೈದು ದಿನ ಒಂದೇ ರೀತಿ ತಿದ್ದಿಸಿದೆ. ಆ ಇಬ್ಬರು ಹಾದಿಗೆ ಬಂದರು. ಅವರದು ಶಾಲೆ ತಪ್ಪಿಸಿದ ಹಿನ್ನಡೆ. ಇವಳು ಸೋಮವಾರ ಕಲಿತದ್ದು ಬುಧವಾರ ಅಳಿಸಿಹೋಗುತ್ತಿತ್ತು. ಮಾಡಲಿಕ್ಕೆ ಮನಸ್ಸಿಲ್ಲ ಅನ್ನೋಣವೆಂದರೆ ಬಳಪ ಹಿಡಿದ ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದಿರುತ್ತಿದ್ದಳು. ಶಿಕ್ಷಕರ ತರಬೇತಿಯಲ್ಲಿ ನನಗೆ ಬೋರ್ಡಿನ ಯಾವ ಬದಿಗೆ ನಿಲ್ಲಬೇಕು, ಪಾಠಟಿಪ್ಪಣಿಗೆ ಎಷ್ಟು ಹಂತ, ಹಾಜರಿ ಪುಸ್ತಕದಲ್ಲಿ ಎಲ್ಲಿ ಕೆಂಪು ಗೆರೆ ಎಂದು ಎಲ್ಲ ಹೇಳಿಕೊಟ್ಟಿದ್ದರು. ಜಾಣ ಮಗುವಿಗೆ ಓದು ಹತ್ತದೇ ಇರಬಹುದು ಎಂದು ಒಬ್ಬರೂ ಒಂದು ಸಾಲು ಹೇಳಿರಲಿಲ್ಲ.

ಒಂದು ಸಂಜೆ ಅವರ ಮನೆಗೆ ಹೋದೆ. ತಂದೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದಲ್ಲಿದ್ದರು. ತಾಯಿ ಹೊಸ ಸೀರೆಗೆ ಕೊಂಡಿ ಹಾಕುತ್ತಿದ್ದಳು. ನಮ್ಮ ಕಡೆ ಉದ್ದ ಎಳೆಗಳ ಹಾಸು ಸೀರೆಯ ಮೈಗೆ ಬೇರೆ, ಸೆರಗಿಗೆ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ಆಚೀಚೆಯಾದರೆ ಪಟ್ಟಿ ಒಡೆದು ಸೆರಗು ಕೆಡುತ್ತದೆ. ತಾಯಿಗೆ ಒಂದೊಂದೇ ಎಳೆ ಆರಿಸಿ ಕೊಡುತ್ತಿದ್ದವಳು ನನ್ನ ಹುಡುಗಿ. ನಾನು ಚಾ ಕುಡಿದು ಮುಗಿಸುವವರೆಗೂ ನೋಡಿದೆ. ಒಂದು ಎಳೆ ತಪ್ಪಲಿಲ್ಲ. ಎರಡು ಸಾಲು ಓದಿದರೆ ದಾರಿ ತಪ್ಪುವ ಆ ಕಣ್ಣು ಇಲ್ಲಿ ಎಳೆ ಬಿಡುತ್ತಿರಲಿಲ್ಲ.

"ಸಾಲ್ಯಾಗ ದಡ್ಡಿ ಅಂತಾರಲ್ರಿ ಇಕೀಗೆ" ಎಂದು ತಂದೆ ಲಾಳಿ ನಿಲ್ಲಿಸಿ ಹೇಳಿದರು. "ಮಗ್ಗದಾಗ ನನಗ ಬೈತಾಳ್ರಿ. ಅಪ್ಪಾ, ಎಳಿ ಬಿಟ್ಟಿ ನೋಡು ಅಂತ. ನಾ ಏನಂತ ತಿಳ್ಕೊಳ್ಳಲಿ?"

"ಕಣ್ಣು ತೋರಿಸೂಣು. ಬಾಗಲಕೋಟ್ಯಾಗ ಡಾಕ್ಟರ್ ಅದಾರ."

"ತೋರಸ್ರಿ. ಆದರ ಒಂದ ಮಾತು, ಅಕ್ಕೋರ. ಈ ವರ್ಷನೂ ನಾಪಾಸ್ ಅಂದ್ರ ಇಲ್ಲೇ ಮಗ್ಗಕ್ಕ ಹಚ್ಚತೇನಿ. ಸಣ್ಣಾಕೀ ಮುಂದ ದೊಡ್ಡಾಕಿ ದಿನಾ ಮಾರಿ ಸಣ್ಣದು ಮಾಡೂದು ನೋಡಾಕ ಆಗವಲ್ದು."

ಹುಡುಗಿ ಎಳೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. "ನಾ ಸಾಲಿ ಬಿಡಂಗಿಲ್ರಿ" ಅಂದಳು. ಇಷ್ಟು ದಿನದಲ್ಲಿ ನಾನು ಕೇಳದೆಯೇ ಅವಳು ನನಗೆ ಆಡಿದ ಮೊದಲ ಮಾತು ಅದು.

ರವಿವಾರ ಬಿಟ್ಟು ಒಂದು ದಿನ ರಜೆ ಹಾಕಿ ಮುಂಜಾನೆ ಬಸ್ಸಿಗೆ ತಾಯಿ, ಮಗಳು, ನಾನು ಬಾಗಲಕೋಟೆಗೆ ಹೋದೆವು. ಬುತ್ತಿಗೆ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡಿದ್ದೆ. ಕಣ್ಣಿನ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಮೊದಲು ಅಕ್ಷರದ ಪಟ್ಟಿ ತೋರಿಸಿದರು. ಹುಡುಗಿ ಎರಡನೆಯ ಸಾಲಿಗೇ ತೊದಲಿದಳು. ಡಾಕ್ಟರು ಪಟ್ಟಿ ತಿರುವಿ ಹಾಕಿದರು. ಅದರ ಮೇಲೆ ಅಕ್ಷರವಿಲ್ಲ. ಮೂರು ಹಲ್ಲಿನ ಬಾಚಣಿಕೆಯಂಥ ಗುರುತು, ಒಂದೊಂದು ಒಂದೊಂದು ದಿಕ್ಕಿಗೆ. ಓದಲು ಬಾರದವರಿಗಾಗಿ ಇರುವ ಪಟ್ಟಿ. ಹಲ್ಲು ಯಾವ ಕಡೆ ಇವೆಯೋ ಆ ಕಡೆ ಕೈ ತೋರಿಸು ಅಂದರು. ಅವಳು ಸೊಳ್ಳೆಯಷ್ಟು ಸಣ್ಣದಿದ್ದ ಕೊನೆಯ ಸಾಲಿನವರೆಗೂ ತೋರಿಸಿದಳು.

"ಕಣ್ಣು ಗಿಡಗನ ಕಣ್ಣು" ಅಂದರು. ಕಿವಿ ನೋಡಿದರು, ಅದೂ ಸರಿ ಇತ್ತು. ನನ್ನ ನೋಟುಬುಕ್ಕು ತೆಗೆದುಕೊಟ್ಟೆ. ಕನ್ನಡಕ ಏರಿಸಿ ಎಲ್ಲ ಪುಟ ಓದಿದರು. ಮುಂದಿನ ಬದಿಯ ಪಲ್ಯದ ಸುದ್ದಿಯನ್ನೂ ಓದಿರಬೇಕು, ಮೀಸೆಯಲ್ಲಿ ನಕ್ಕರು.

"ಡಿಸ್ಲೆಕ್ಸಿಯಾ ಅಂತಾರ ಇದಕ್ಕ. ಬುದ್ಧಿ ಚಲೋ ಇರ್ತದ, ಕಣ್ಣು ಚಲೋ ಇರ್ತಾವ, ಅಕ್ಷರ ಒಂದ ಮೆದುಳಿಗೆ ಹತ್ತೂದು ಕಠಿಣ. ನಾ ಕಣ್ಣಿನ ಡಾಕ್ಟರ್, ನನಗ ಇದಕ್ಕಿಂತ ಹೆಚ್ಚು ಗೊತ್ತಿಲ್ಲ. ಔಷಧ ಇಲ್ಲ ಅನ್ನೂದು ಗೊತ್ತು. ಕಲಿಸೂ ರೀತಿ ಬದಲಾಗಬೇಕಂತ. ಅದು ನನ್ನ ಕೆಲಸಲ್ಲ ಅಕ್ಕೋರ, ನಿಮ್ಮದು."

ಚೀಟಿಯ ಮೇಲೆ ಆ ಮಾತು ಬರೆದು, ಕಣ್ಣು ಮತ್ತು ಕಿವಿಯಲ್ಲಿ ದೋಷವಿಲ್ಲವೆಂದು ಸೇರಿಸಿ ಸಹಿ ಹಾಕಿಕೊಟ್ಟರು. "ಮನಿತನದಾಗ ಮತ್ತ ಯಾರಿಗರ ಹಿಂಗಿತ್ತೇನು?" ಎಂದು ಏಳುವಾಗ ಕೇಳಿದರು. ತಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

ಅವಳು ಉತ್ತರ ಹೇಳಿದ್ದು ತಿರುಗಿ ಬರುವಾಗ, ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ನಿಂತಿತ್ತು. ಹುಡುಗಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ನನಗೂ ಹಿಂಗ ಆಗ್ತಿತ್ರಿ ಅಕ್ಕೋರ. ಅಕ್ಷರ ಓಡಿ ಹೋಗ್ತಿದ್ವು."

"ಸಾಲಿಗೆ ಹೋಗಿದ್ದೇನು ನೀ?"

"ಮೂರನೇತ್ತಾ ತನಕ ಹೋಗೇನ್ರಿ. ತಪಾಸಣಿ ದಿನ ಮನ್ಯಾಗ ಕೂಡು ಅಂದ್ರು. ಮುಂದಿನ ವರ್ಷನೂ ಅಂದ್ರು. ಆಮ್ಯಾಲ ನಾನ ಹೋಗಲಿಲ್ಲ. ಬ್ಯಾಡ ಅಂತಾರಂದ ಮ್ಯಾಲ ಯಾಕ ಹೋಗೂದು?"

"ಯಾವ ಸಾಲಿ?"

"ಇದ ಸಾಲಿರಿ."

"ಅಂಥಾ ಮಾತು ಅಂದ ಅಕ್ಕೋರು ಯಾರು?"

ಅವಳು ನಕ್ಕಳು. ಚುಚ್ಚುವ ನಗೆಯಲ್ಲ, ಮನೆಗೆ ಬಂದ ಬೀಗರು ಚಂಬು ಬೀಳಿಸಿದರೆ ನಗುತ್ತೇವಲ್ಲ, ಅಂಥದು. "ನೀವ ಇದ್ರಿ ಅಕ್ಕೋರ. ಆಗ ನೀವು ಸಣ್ಣಾವ್ರು. ಎರಡು ಹೆಳಲು ಹಾಕ್ಕೋತಿದ್ರಿ."

ತಪಾಸಣಿ ಅಂದರೆ ಹುನಗುಂದದ ಕಚೇರಿಯಿಂದ ಸಾಹೇಬರು ಶಾಲೆ ನೋಡಲು ಬರುವುದು. ಹಿಂದಿನ ದಿನ ಪ್ರತಿ ವರ್ಗದಿಂದ ಒಂದು ಯಾದಿ ಆಗುತ್ತಿತ್ತು. ಓದಲು ಬಾರದವರ ಹೆಸರು ಅದರಲ್ಲಿ. ಅವರಿಗೆ "ನಾಳೆ ಬರಬ್ಯಾಡ್ರಿ" ಎಂದು ಹೇಳಿ ಹಾಜರಿಯಲ್ಲಿ ಜ್ವರ ಎಂದು ಬರೆಯುವುದು. ಸಾಹೇಬರಿಗೂ ಗೊತ್ತು, ಕಾಡುವ ಮನಸ್ಸಿಲ್ಲದವರು ಕೇಳುತ್ತಿರಲಿಲ್ಲ. ನೌಕರಿಗೆ ಸೇರಿದ ಮೊದಲ ವರ್ಷ ಹಿರಿಯರು ನನಗೆ ಕಲಿಸಿದ ಶಾಲೆಯ ರೀತಿಗಳಲ್ಲಿ ಇದೂ ಒಂದು, ಗಂಟೆ ಹೊಡೆಯುವುದು, ಕೊಡ ತುಂಬಿಸುವುದು ಇದ್ದ ಹಾಗೆ. ಇಪ್ಪತ್ತು ವರ್ಷ ನಾನು ಯಾದಿ ಬರೆದಿದ್ದೇನೆ. ಒಂದು ವರ್ಷಕ್ಕೆ ಮೂವರೋ ನಾಲ್ವರೋ. ಎಷ್ಟಾಯಿತೋ ಕೂಡಿಸಿ ನೋಡುವ ಧೈರ್ಯ ಆ ಬಸ್ಸಿನಲ್ಲಿ ಬರಲಿಲ್ಲ. ಹೆಡ್‌ಮಾಸ್ತರರ ಮೇಲೆ, ತರಬೇತಿ ಕೊಟ್ಟವರ ಮೇಲೆ ಹಿಡಿದಿಟ್ಟುಕೊಂಡಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂದು ಬಿತ್ತು. ಇಳಕಲ್ಲು ಬಂದಾಗ ಹುಡುಗಿ ಎಚ್ಚೆತ್ತು, "ಅಕ್ಕೋರ, ಚಸ್ಮಾ ಬೇಕಂದ್ರೇನ್ರಿ?" ಎಂದು ಕೇಳಿದಳು. "ನಿನಗಲ್ಲ ಯವ್ವಾ" ಅಂದೆ.

ಮರುದಿನ ಚೀಟಿಯನ್ನು ಹೆಡ್‌ಮಾಸ್ತರರ ಮುಂದೆ ಇಟ್ಟೆ. ಅವರು ಅದನ್ನು ಓದಿ, ಹಿಂದೆ ಮುಂದೆ ತಿರುವಿದರು.

"ಇವೆಲ್ಲಾ ಮುಂಬೈ ಬೆಂಗಳೂರಾಗ ದೊಡ್ಡ ಮಂದಿ ಮಕ್ಕಳಿಗೆ ಬರೂ ರೋಗ್ರಿ ಬಾಯೋರ. ಬಡವರ ಮಕ್ಕಳಿಗೆ ಬಂದರ ಅದಕ್ಕ ದಡ್ಡತನ ಅಂತಾರ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷಗಳಾದರೂ ಆ ಮಾತು ನೆನಪಾದರೆ ಕೈಯಲ್ಲಿದ್ದ ಪಾತ್ರೆ ಸಪ್ಪಳವಾಗುವಂತೆ ಇಡುತ್ತೇನೆ.

ಕಲಿಸುವ ರೀತಿ ಬದಲಾಗಬೇಕು ಅಂದಿದ್ದರು ಡಾಕ್ಟರು. ಯಾವ ರೀತಿ ಅಂತ ಹೇಳುವವರು ಇಡೀ ವಿಜಾಪುರ ಜಿಲ್ಲೆಯಲ್ಲಿ ಇದ್ದರೋ ಇಲ್ಲವೋ, ನನಗೆ ಸಿಗಲಿಲ್ಲ. ಅವಳ ಬೆರಳಿಗೆ ಎಳೆ ಗೊತ್ತು ಅನ್ನುವುದೊಂದೇ ನನಗೆ ಗೊತ್ತಿದ್ದದ್ದು. ಅಲ್ಲಿಂದ ಹಿಡಿದೆ. ಹಳೆಯ ಬೂಟಿನ ಡಬ್ಬಿಯ ರಟ್ಟನ್ನು ಅಂಗೈಯಗಲ ಕತ್ತರಿಸಿ, ಮೇಲೆ ಅಕ್ಷರ ಬರೆದು, ಆ ಗೆರೆಗುಂಟ ದಪ್ಪ ನೂಲನ್ನು ಗಂಜಿಯಿಂದ ಅಂಟಿಸಿದೆ. ಮಗ್ಗದ ಹಾಸಿನ ಎಳೆಗೆ ಹಚ್ಚುವ ಗಂಜಿಯನ್ನು ಅವಳ ತಾಯಿಯೇ ಡಬ್ಬಿಯಲ್ಲಿ ಕಳಿಸಿದಳು. ಮೊದಲ ಸಲ ಗಂಜಿ ತೆಳುವಾಗಿ ನೂಲು ಎದ್ದಿತು. ಎರಡನೆಯ ಸಲ ಇಲಿ ತಿಂದವು. ಮೂರನೆಯ ಸಲ ಗಂಜಿಗೆ ಬೇವಿನ ಎಲೆ ಅರೆದು ಹಾಕಿದೆ, ನಿಂತಿತು.

ಕಣ್ಣು ಮುಚ್ಚು, ಬೆರಳು ನೂಲಿನ ಮೇಲೆ ಓಡಿಸು, ಬಾಯಲ್ಲಿ ಅಕ್ಷರ ಹೇಳು. ಆಮೇಲೆ ಅದನ್ನೇ ಉಸುಕು ಹರವಿದ ಪರಾತದಲ್ಲಿ ಬರೆ. ಆಮೇಲೆ ಪಾಟಿ. ದಿನಕ್ಕೆ ಒಂದೇ ಅಕ್ಷರ. ಮೂರು ದಿನ ಬಿಟ್ಟೂ ನೆನಪಿದ್ದರೆ ಮಾತ್ರ ಮುಂದಿನದು. ಅದಲುಬದಲಾಗುವ ಅಕ್ಷರದ ಜೋಡಿಗಳನ್ನು ಒಟ್ಟಿಗೆ ಹೇಳಿಕೊಡುವುದಿಲ್ಲ. ವ ಗಟ್ಟಿಯಾಗುವವರೆಗೆ ಮ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಸಾಲು ತಪ್ಪದಿರಲು ಇನ್ನೊಂದು ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟೇ ಉದ್ದ ಕಂಡಿ ಕೊರೆದೆ. ಅದನ್ನು ಪುಟದ ಮೇಲೆ ಇಟ್ಟು ಸರಿಸುತ್ತ ಓದುವುದು. ಆ ಕಂಡಿ ಇಟ್ಟ ಮೊದಲ ದಿನ ಅವಳು ನನ್ನನ್ನು ನೋಡಿ, "ಈಗ ಮಂದಿ ಕಡಿಮಿ ಆದ್ರು ನೋಡ್ರಿ" ಅಂದಳು. ಅವಳಿಗೆ ಪುಟವೆಂದರೆ ಬಜಾರದ ಗದ್ದಲವಾಗಿತ್ತು ಎಂದು ನನಗೆ ಆಗ ತಿಳಿಯಿತು.

"ಅಕ್ಕೋರು ಸಾಲ್ಯಾಗ ನೇಕಾರಿಕಿ ಸುರು ಮಾಡ್ಯಾರ್ರಪಾ" ಎಂದು ಮಾಸ್ತರರೊಬ್ಬರು ನಗಾಡಿದರು. "ಮಗ್ಗ ಯಾವಾಗ ತರಸ್ತೀರಿ?" ನಾನು ನೂಲು ಅಂಟಿಸುತ್ತ ಕೂತೆ. ಮುಂಜಾನೆಯ ಅರ್ಧ ತಾಸು ಸಾಲದಾಗಿ ಊಟದ ಬಿಡುವನ್ನೂ ಸೇರಿಸಿದೆ. ದೀಪಾವಳಿಯ ರಜೆ ಮುಗಿಸಿ ಬಂದಾಗ ಹನ್ನೊಂದು ಅಕ್ಷರ ಅವಳಿಂದ ಹೋಗಿಬಿಟ್ಟಿದ್ದವು. ಅಂದು ಅವಳು ರಟ್ಟುಗಳನ್ನು ನೆಲಕ್ಕೆ ಬಡಿದು, "ನಾ ದಡ್ಡಿ ಅದೇನಿ, ಬಿಡ್ರಿ ನನ್ನ" ಎಂದು ಚೀರಿದಳು. ನಾನು ಅವನ್ನು ಆರಿಸಿ ಡಬ್ಬಿಯಲ್ಲಿಟ್ಟೆ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟೆ. ತಿಂದಳು. ಮರುದಿನ ಅ ಇಂದ ಮತ್ತೆ ಹಿಡಿದೆವು. ನೋಟುಬುಕ್ಕಿನಲ್ಲಿ ಅಂದಿನದು ಇಷ್ಟೇ: "ಬದನೆಕಾಯಿ ಎಣ್ಣೆಗಾಯಿ. ಹನ್ನೊಂದು ಹೋದವು. ಅ ಉಳಿದಿದೆ."

ಸಂಕ್ರಾಂತಿಯಾದ ಮೇಲೆ ತಪಾಸಣಿಯ ಸುದ್ದಿ ಬಂತು. ಹೆಡ್‌ಮಾಸ್ತರರು ಹಿಂದಿನ ದಿನ ಎಲ್ಲರಿಂದ ಯಾದಿ ಕೇಳಿದರು. ನನ್ನ ಕಾಗದ ಖಾಲಿ ಇತ್ತು.

"ಬಾಯೋರ, ನಿಮ್ಮ ವರ್ಗದ ಯಾದಿ?"

"ಇದ ರಿ. ಯಾರೂ ಇಲ್ಲ."

"ಅಕಿ?"

"ಬರ್ತಾಳ್ರಿ."

"ಸಾಹೇಬ್ರ ಮುಂದ ಅಕಿ ತೊದಲಿದರ ಶೇರಾ ಯಾರ ಮ್ಯಾಲ ಬೀಳ್ತದ ಗೊತ್ತೈತೇನು?"

"ನನ್ನ ಮ್ಯಾಲ. ಬೀಳಲಿ. ಇಪ್ಪತ್ತು ವರ್ಷ ಆ ಮಕ್ಕಳ ಮ್ಯಾಲ ಬಿದ್ದೈತಿ, ಒಂದು ಸಲ ನನ್ನ ಮ್ಯಾಲ ಬಿದ್ದರ ಏನಾಗ್ತದ?"

ಅವರು ಜವಾನನನ್ನು ಕರೆದು, ಆ ಹುಡುಗಿಯ ಮನೆಗೆ ಹೋಗಿ ನಾಳೆ ಬರಬೇಡ ಎಂದು ಹೇಳಿ ಬಾ ಎಂದು ನನ್ನ ಎದುರಿಗೇ ಕಳಿಸಿದರು. ನಾನು ತಡೆಯಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಕರೆಯಬಹುದಿತ್ತು. ನಮ್ಮ ಮನೆಯ ಹೊಸ್ತಿಲವರೆಗೆ ಬಂದು ಚಪ್ಪಲಿ ಮೆಟ್ಟಿ ನಿಂತೆ. ಒಬ್ಬರು ಬರಬೇಡ ಅನ್ನುವುದು, ಇನ್ನೊಬ್ಬರು ಬಾ ಅನ್ನುವುದು. ಆ ಮನೆಯವರನ್ನು ನಮ್ಮ ಜಗಳದ ನಡುವೆ ನಿಲ್ಲಿಸುವ ಹಕ್ಕು ನನಗೆಲ್ಲಿತ್ತು? ಹೋಗಲಿಲ್ಲ. ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯಿತು. ಹುಡುಗಿಯ ಜಾಗ ಖಾಲಿ. ಸಾಹೇಬರು ಬಂದರು, ಒಂದನೆಯ ವರ್ಗ, ಎರಡನೆಯ ವರ್ಗ ನೋಡಿದರು. ಅವರು ಮೂರನೆಯ ವರ್ಗದಲ್ಲಿರುವಾಗ ನನ್ನ ಬಾಗಿಲಲ್ಲಿ ತಾಯಿ ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಮಗಳ ಕೈ ಹಿಡಿದಿದ್ದಳು.

"ಜ್ವರ ಇಲ್ರಿ ಇಕೀಗೆ" ಎಂದು ಹೆಡ್‌ಮಾಸ್ತರರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. "ಮೈ ಮುಟ್ಟಿ ನೋಡ್ರಿ ಬೇಕಾದ್ರ."

ಹುಡುಗಿಯನ್ನು ಮೊದಲ ಸಾಲಿನಲ್ಲಿ, ತಂಗಿಯ ಪಕ್ಕದಲ್ಲಿ ಕೂಡಿಸಿದೆ. ಸಾಹೇಬರು ಬಂದವರೇ ಅವಳನ್ನೇ ಎಬ್ಬಿಸಿದರು, ಎತ್ತರವಿದ್ದಳಲ್ಲ. ಓದಿಲ್ಲದ ಪಾಠ ತೆರೆದುಕೊಟ್ಟರು. ಅವಳು ಜೇಬಿನಿಂದ ಕಂಡಿಯ ರಟ್ಟು ತೆಗೆದು ಪುಟದ ಮೇಲೆ ಇಟ್ಟಳು. ಬೆರಳು ಇಟ್ಟಳು. ಒಂದು ಸಾಲು ಓದಿದಳು. ಎರಡು. ಪ್ರತಿ ಶಬ್ದಕ್ಕೂ ಬಾವಿಯಿಂದ ಕೊಡ ಎಳೆದಷ್ಟು ಹೊತ್ತು. ಹಿಂದೆ ಯಾರೋ ನಕ್ಕರೆ ತಂಗಿ ತಿರುಗಿ ಕಣ್ಣು ಬಿಟ್ಟಳು. ನಾಲ್ಕು ಸಾಲು. ಒಂದು ಒತ್ತಕ್ಷರ ಬಿಟ್ಟಳು, ತಾನೇ ಹಿಂದೆ ಬಂದು ಸರಿಮಾಡಿದಳು. ಬಾಯಿಪಾಠದ ಒಂದು ಮಾತೂ ಅದರಲ್ಲಿ ಇರಲಿಲ್ಲ. ಎಲ್ಲ ಆ ಪುಟದಿಂದಲೇ ಬಂದದ್ದು.

ಸಾಹೇಬರು ಗಡಿಯಾರ ನೋಡಿದರು. "ನಾಕನೇತ್ತಾದಾಗ ಇದು ಓದೇನ್ರಿ? ಒಂದನೇತ್ತಾ ಮಗು ಓದ್ತದ."

"ಇಕಿ ಹೆಸರು ತಗಿಯೂದೈತ್ರಿ ಸಾಹೇಬ್ರ" ಎಂದು ಹೆಡ್‌ಮಾಸ್ತರರು ನಡುವೆ ಬಾಯಿ ಹಾಕಿದರು. "ಮಂದಬುದ್ಧಿ."

ನಾನು ಅಲ್ಲಿಯವರೆಗೆ ಯಾವ ಸಾಹೇಬರ ಮುಂದೂ ಕೇಳದೆ ಮಾತಾಡಿದವಳಲ್ಲ. ಐದನೆಯ ಇಯತ್ತೆಯ ಪುಸ್ತಕ ಮೇಜಿನ ಮೇಲಿಂದ ತೆಗೆದು ಅವರ ಕೈಗೆ ಕೊಟ್ಟೆ. "ಸಾಹೇಬ್ರ, ಇಕಿ ಕೇಳದೇ ಇದ್ದ ಪಾಠ ಇದು. ನೀವ ಒಂದು ಸಲ ಓದ್ರಿ. ಆಮ್ಯಾಲ ಪ್ರಶ್ನಿ ಕೇಳ್ರಿ. ಉತ್ತರ ಬರಲಿಲ್ಲಂದ್ರ ಹೆಸರು ತಗೀರಿ, ಜೋಡೀಲೆ ನನ್ನ ಹೆಸರೂ ತಗೀರಿ."

ಸಾಹೇಬರಿಗೆ ಸಿಟ್ಟು ಬಂದದ್ದು ಮುಖದ ಮೇಲೆ ಕಂಡಿತು. ಆದರೂ ಓದಿದರು, ಒಂದು ಕೆರೆ ಯಾಕೆ ಹೂಳು ತುಂಬಿತು, ಊರವರು ಏನು ಮಾಡಿದರು ಎಂಬ ಪಾಠ. ಐದು ಪ್ರಶ್ನೆ ಕೇಳಿದರು. ಐದಕ್ಕೂ ಉತ್ತರ ಬಂತು. ಆಮೇಲೆ ಹುಡುಗಿ ತಾನಾಗಿ, "ಸಾಹೇಬ್ರ, ಮೊದಲ ಕೆರಿ ಮ್ಯಾಲಿನ ಗಿಡ ಕಡದದ್ದು ಪಾಠದಾಗ ಐತ್ರಿ, ಮತ್ತ ಹಚ್ಚಿದ್ದು ಇಲ್ಲರಿ. ಮತ್ತ ಹೂಳು ತುಂಬತೈತ್ರಿ ಅದು" ಅಂದಳು. ಸಾಹೇಬರು ಪುಸ್ತಕದಲ್ಲಿ ಮತ್ತೊಮ್ಮೆ ನೋಡಿದರು. ಇರಲಿಲ್ಲ.

ಅವರು ಬಹಳ ದೊಡ್ಡ ಮನಸ್ಸಿನವರಾಗಿ ಹೊರಗೆ ಹೋದರು ಎಂದು ಬರೆದರೆ ಸುಳ್ಳಾಗುತ್ತದೆ. ಶೇರಾ ಪುಸ್ತಕದಲ್ಲಿ ಬರೆದದ್ದು ಮೂರು ಮಾತು. ನಾಲ್ಕನೆಯ ವರ್ಗದ ಶಿಕ್ಷಕಿ ಮಂಜೂರಿಲ್ಲದ ರೀತಿಯಿಂದ ಕಲಿಸುತ್ತಿದ್ದಾರೆ, ಕಾರಣ ಕೇಳಬೇಕು. ಸದರಿ ವಿದ್ಯಾರ್ಥಿನಿಯ ಹೆಸರು ತೆಗೆಯಬೇಕಾಗಿಲ್ಲ. ಬೇಕಾದರೆ ಶಿಕ್ಷಕಿ ತನ್ನ ಜವಾಬ್ದಾರಿಯ ಮೇಲೆ ಬಾಯಿಪರೀಕ್ಷೆ ತೆಗೆದುಕೊಳ್ಳಬಹುದು. ಡಾಕ್ಟರ ಚೀಟಿ ಕೊಟ್ಟೆ. ಓದದೆ ಫೈಲಿನಲ್ಲಿ ಇಟ್ಟರು. ಇಂಥ ಮಕ್ಕಳು ಇನ್ನೆಷ್ಟು ಇದ್ದಾರೆ ಎಂದು ಕೇಳಲಿಲ್ಲ. ಅಂದು ಮನೆಯಲ್ಲಿ ಜ್ವರದ ಹೆಸರಿನಲ್ಲಿ ಕೂತಿದ್ದ ಉಳಿದ ವರ್ಗದ ಒಂಬತ್ತು ಮಕ್ಕಳನ್ನು ಯಾರೂ ಕೇಳಲಿಲ್ಲ.

ಮಾರ್ಚ್‌ನಲ್ಲಿ ಪ್ರಶ್ನೆ ನಾನು ಓದಿದೆ, ಅವಳು ಹೇಳಿದಳು, ಹೇಳಿದ್ದನ್ನು ಹೇಳಿದಂತೆ ಬರೆದು ಕೆಳಗೆ ಸಹಿ ಹಾಕಿದೆ. ಓದುವ ಪರೀಕ್ಷೆಯಲ್ಲಿ ಮಾತ್ರ ಅವಳೇ ಓದಿದಳು, ಏಳು ಸಾಲು. ಪಾಸಾದಳು. ರಜಿಸ್ಟರಿನಲ್ಲಿ ಕೆಂಪು ಶಾಯಿಯ ಆ ಮಾತಿನ ಕೆಳಗೆ, ಹೆಡ್‌ಮಾಸ್ತರರು ನೋಡುತ್ತಿರುವಾಗಲೇ, "ಇದು ಸುಳ್ಳು" ಎಂದು ನೀಲಿ ಶಾಯಿಯಲ್ಲಿ ಬರೆದು ತಾರೀಖು ಹಾಕಿದೆ. ಸರಕಾರಿ ದಾಖಲೆ ಕೆಡಿಸಿದ್ದಕ್ಕೆ ಒಂದು ನೋಟೀಸು ಬಂತು. ಮೇ ತಿಂಗಳಲ್ಲಿ ವರ್ಗದ ಹುಕುಮೂ ಬಂತು, ಪಟ್ಟದಕಲ್ಲಿನ ಕಡೆಯ ಒಂದು ಹಳ್ಳಿಗೆ.

ಹೊರಡುವ ಮುಂಚೆ ಅವರ ಮನೆಗೆ ಹೋದೆ. ಹುಡುಗಿ ಅಂಗಳದಲ್ಲಿ ಕೂತು ಐದನೆಯ ಪುಸ್ತಕದ ಮೇಲೆ ಕಂಡಿ ಸರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನೂಲಿನ ಅಕ್ಷರಗಳ ಡಬ್ಬಿ ಅಟ್ಟದ ಮೇಲಿತ್ತು. ಹೊಸ ಶಾಲೆಯಲ್ಲಿ ಮೊದಲ ದಿನವೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಓದಿಲ್ಲದ ಪುಟ ಓದಿಸುವುದೆಂದು ನಿಶ್ಚಯ ಮಾಡಿದ್ದೆ, ಡಬ್ಬಿ ಬೇಕಾಗುತ್ತಿತ್ತು.

"ಹುಡುಗಿಗೆ ಈಗ ಅಕ್ಷರದ ರಟ್ಟು ಬ್ಯಾಡ. ನಾ ಒಯ್ಯಲೇನು?" ಎಂದು ಕೇಳಿದೆ.

ತಾಯಿ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದಳು, ಕೊಡಲಿಲ್ಲ. ಮೇಲಿನ ರಟ್ಟಿನ ನೂಲಿನ ಮೇಲೆ ಅವಳ ಬೆರಳು ತಾನಾಗಿ ಓಡುತ್ತಿತ್ತು, ಎಳೆ ಹಿಡಿದು ಹಿಡಿದು ತುದಿ ಗಟ್ಟಿಯಾದ ಬೆರಳು.

"ನೀವು ಬ್ಯಾರೆ ಮಾಡ್ಕೊಳ್ರಿ ಅಕ್ಕೋರ, ಗಂಜಿ ನಾ ಕೊಡ್ತೇನಿ" ಅಂದಳು. "ಇವು ನನಗ ಇರಲಿ. ನಮ್ಮನಿಗೇನು ತಪಾಸಣಿಯವ್ರು ಬರೂದಿಲ್ಲಲ್ರಿ."